ಅಪ್‌ಡೇಟ್: ವಿಜಯಪುರದಿಂದ ಕಡಲ ಇಂಟರ್ನ್‌ಶಿಪ್, ಸಿಕ್ಕೇಬಿಟ್ಟಿತು
ವಿಜಯಪುರದ ಬಿಎಸ್ಸಿ ಹುಡುಗಿಗೆ ಬೇಸಿಗೆಯಲ್ಲಿ ಕಡಲ ವಿಜ್ಞಾನದ ಇಂಟರ್ನ್‌ಶಿಪ್ ಸಿಗುತ್ತಾ ಅಂತ ಕೇಳಿದ್ದೆ ಅಲ್ವಾ, ಸಿಕ್ಕಿತು! ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಅರ್ಜಿ ಹಾಕುವ ಗಡುವು ಯಾವಾಗಲೋ ಮುಗಿದಿತ್ತು. ಒಂದೇ ಮೇಲ್ ಹತ್ತು ವಿಜ್ಞಾನಿಗಳಿಗೆ ಕಳಿಸಿದೆ, ಒಂದಕ್ಕೂ ಉತ್ತರವಿಲ್ಲ. ಕೊನೆಗೆ ಕೈಹಿಡಿದದ್ದು ‘ಯಾರಿಗೆ ಮೇಲ್ ಮಾಡ್ತೀಯೋ ಅವರದೇ ಒಂದು ಸಂಶೋಧನಾ ಪೇಪರ್ ಓದಿ, ಅದರ ಬಗ್ಗೆ ಬರಿ’ ಅಂದ ಅಕ್ಕನ ಸಲಹೆ. ಕಾರವಾರದ ಮೇಡಂ ಒಬ್ಬರು ನಾಲ್ಕು ವಾರಕ್ಕೆ ಒಪ್ಪಿದರು.

ಈಗ ಕಾಳಿ ನದಿ ಕಡಲು ಸೇರುವಲ್ಲಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಚೌಕಟ್ಟು ಇಟ್ಟು, ಅದರೊಳಗಿನ ಬಸವನಹುಳು ಎಣಿಸುತ್ತಿದ್ದೇನೆ. ಮೊಣಕಾಲು ಮಟ ಕೆಸರು! ಇಲ್ಲಿ ಗಡಿಯಾರದ ಆಟ ನಡೆಯಲ್ಲ. ಇಳಿತ, ಅಂದರೆ ಕಡಲ ನೀರು ತಗ್ಗುವ ಹೊತ್ತು, ದಿನಾ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ಅದರ ಹಿಂದೆ ನಾವು. ಅವ್ವ ಕಟ್ಟಿದ ಕಟಿರೊಟ್ಟಿ ಮಾತ್ರ ಎರಡೇ ದಿನಕ್ಕೆ ಮೆತ್ತಗಾಯಿತು. ಬಿಗಿ ಮುಚ್ಚಳದ ಡಬ್ಬಿ ಒಯ್ಯಿರಿ.