ತಲೆ ತಗ್ಗಿಸಿದವನು ಕಳ್ಳನಾ?

ಪ್ರಶ್ನೆ: ನಮಸ್ಕಾರ ಮೇಡಂ. ಮಂಗಳೂರಿನ ಹಂಪನಕಟ್ಟೆ ಹತ್ತಿರ ನಮ್ಮದೊಂದು ಬಟ್ಟೆ ಅಂಗಡಿ ಉಂಟು. ಗದಗ ಕಡೆಯ ಹುಡುಗನೊಬ್ಬ ಆರು ತಿಂಗಳಿಂದ ಕೆಲಸಕ್ಕಿದ್ದಾನೆ. ಮೊನ್ನೆ ಕ್ಯಾಶಿನಲ್ಲಿ 1,800 ರೂಪಾಯಿ ಕಡಿಮೆ ಬಂತು. ಎಲ್ಲರನ್ನೂ ನಿಲ್ಲಿಸಿ ಕೇಳಿದೆ. ಅವನೊಬ್ಬ ಮಾತ್ರ ತಲೆ ತಗ್ಗಿಸಿ ತೊದಲಿದ. "ಘಟ್ಟದ ಮೇಲಿನವರನ್ನು ನಂಬಬೇಡ ಅಂತ ಆಗ್ಲೇ ಹೇಳಿದ್ದೆ" ಅಂತಾರೆ ಅಣ್ಣ. ಕಣ್ಣು ತಪ್ಪಿಸಿದ್ರೆ ಸುಳ್ಳು ಅಂತಲೇ ಅಲ್ವಾ?

ಉತ್ತರ (ಮನಶ್ಶಾಸ್ತ್ರಜ್ಞೆ): ಅಲ್ಲ. ಇದೊಂದೇ ಕಾರಣಕ್ಕೆ ಅವನನ್ನು ಕೆಲಸದಿಂದ ಬಿಡಿಸಬೇಡಿ, ದಯವಿಟ್ಟು.

ಈ ನಂಬಿಕೆ ಎಷ್ಟೋ ದೇಶಗಳಲ್ಲಿದೆ. ಆದರೆ ಮುಖ ನೋಡಿ ಸುಳ್ಳು ಹಿಡಿಯುವುದರಲ್ಲಿ ನಾವು ತುಂಬಾ ಹಿಂದೆ. ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪಾಲೊ ಅನ್ನುವ ಸಂಶೋಧಕರು 2006ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ ಲೆಕ್ಕ ಹಾಕಿದರು. 24 ಸಾವಿರಕ್ಕೂ ಹೆಚ್ಚು ಜನರ ಊಹೆ ಸರಿಯಾಗಿದ್ದು ನೂರಕ್ಕೆ 54 ಸಲ. ಕಣ್ಣು ಮುಚ್ಚಿ ಹೇಳಿದ್ರೂ 50 ಸಲ ಸರಿಯಾಗ್ತದೆ. ಪೊಲೀಸರಂಥವರೂ ಸಾಮಾನ್ಯ ಜನರಿಗಿಂತ ಮೇಲೇನಿರಲಿಲ್ಲ.

ಸುಳ್ಳು ಹೇಳುವವನು ತೊದಲಬಹುದು. ಹೆದರಿದವನೂ ತೊದಲುತ್ತಾನೆ. ಧಣಿಗಳ ಮುಂದೆ ತಲೆ ತಗ್ಗಿಸುವುದು ಮರ್ಯಾದೆ ಅಂತ ಎಷ್ಟೋ ಮನೆಗಳಲ್ಲಿ ಕಲಿಸಿರ್ತಾರೆ. ಸುತ್ತ ನಿಂತವರು ತುಳುವಿನಲ್ಲಿ ಏನೋ ಮಾತಾಡಿಕೊಳ್ತಿದ್ರೆ ಹೊಸಬನ ಗಾಬರಿ ಇನ್ನೂ ಜಾಸ್ತಿ.

ನನಗೆ ಬೇಸರವಾದದ್ದು ಅಣ್ಣನ ಮಾತಿಗೆ. ನಮ್ಮೂರ ಹುಡುಗ ತಲೆ ತಗ್ಗಿಸಿದ್ರೆ "ಪಾಪ, ಹೆದರಿದ್ದಾನೆ" ಅಂತೇವೆ. ಹೊರಗಿನವನು ತಗ್ಗಿಸಿದ್ರೆ ಕದ್ದಿದ್ದಾನೆ ಅಂತೇವೆ. ಅಂದ್ರೆ ಅವನ ಬಗ್ಗೆ ತೀರ್ಮಾನ ಮೊದಲೇ ಆಗಿತ್ತು. ಪೂರ್ವಗ್ರಹ ಕೆಲಸ ಮಾಡುವುದೇ ಹೀಗೆ.

ಮುಖ ಬಿಟ್ಟು ಲೆಕ್ಕ ನೋಡಿ. ಬಿಲ್ಲು, ಯುಪಿಐ, ವಾಪಸ್ ಬಂದ ಮಾಲು, ಎಲ್ಲ ತಾಳೆ ಹಾಕಿ.

ಅದೇ ಓದುಗರು: ನೋಡಿದೆ ಮೇಡಂ. ಒಬ್ಬರು ಸೀರೆ ವಾಪಸ್ ತಂದಿದ್ದರು. ದುಡ್ಡು ಕೊಟ್ಟದ್ದು ಅಣ್ಣನೇ, ಬರೆದಿಡಲು ಮರೆತಿದ್ದಾರೆ. ಈಗ ಆ ಹುಡುಗನ ಮುಖ ನೋಡ್ಲಿಕ್ಕೆ ನನಗೇ ಆಗ್ತಿಲ್ಲ. ಏನು ಮಾಡ್ಲಿ?

ಉತ್ತರ: ಎಲ್ಲರ ಮುಂದೆ ಕೇಳಿದ್ದೀರಿ. ಎಲ್ಲರ ಮುಂದೆಯೇ "ನಮ್ಮಿಂದ ತಪ್ಪಾಯ್ತು" ಅನ್ನಿ. ಅವನಿಗೆ ಅರ್ಥವಾಗುವ ಹಾಗೆ ಕನ್ನಡದಲ್ಲೇ ಹೇಳಿ.

ಅಣ್ಣನ ವಿಷಯ ಒಂದು ದಿನಕ್ಕೆ ಸರಿಯಾಗುವುದಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಹೇಳಿದ್ದರು, ಸುಮ್ನೆ ಅಕ್ಕಪಕ್ಕ ಇದ್ದ ಮಾತ್ರಕ್ಕೆ ಪೂರ್ವಗ್ರಹ ಹೋಗುವುದಿಲ್ಲ ಅಂತ. ಇಬ್ಬರೂ ಸಮಾನರಾಗಿ ಒಂದೇ ಗುರಿಗೆ ದುಡಿಯಬೇಕು, ಮೇಲಿನವರ ಬೆಂಬಲವೂ ಬೇಕು. ನಿಮ್ಮಲ್ಲಿ ಆ ಬೆಂಬಲ ಕೊಡಬೇಕಾದವರು ನೀವೇ. ದೀಪಾವಳಿ ಸ್ಟಾಕ್ ಎಣಿಸುವ ಕೆಲಸ ಇಬ್ಬರಿಗೂ ಸೇರಿಸಿ ಕೊಡಿ. ಒಂದು ದಿನ ಅಣ್ಣ ಎಣಿಸಲಿ, ಹುಡುಗ ಬರೆಯಲಿ. ಮರುದಿನ ಅದಲು ಬದಲು ಮಾಡಿ.