ಪಂಪ್‌ನಲ್ಲಿ ನಾಲ್ಕೂ ಟೈರ್‌ಗಳಿಗೆ 33, ಆದರೂ ಗಾಳಿ ಕಡಿಮೆಯೆಂಬ ದೀಪ ಹತ್ತುತ್ತದೆ: ದಯವಿಟ್ಟು ಪರಿಹಾರ ತಿಳಿಸಿ

ಕೋಥ್ರೂಡ್ ವಾಸಿ (ಪುಣೆ), ಸೋಮವಾರ ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಮೂರು ವಾರಗಳಿಂದ ನನ್ನ ಕಾರಿನಲ್ಲಿ ಟೈರ್ ಒತ್ತಡದ ಹಳದಿ ದೀಪ ಹತ್ತುತ್ತಿದೆ. ಇಷ್ಟರಲ್ಲಿ ನಾಲ್ಕು ಸಲ ಪೆಟ್ರೋಲ್ ಪಂಪ್‌ಗೆ ಹೋಗಿ ನಾಲ್ಕೂ ಟೈರ್‌ಗಳಿಗೆ 33 ಪಿಎಸ್‌ಐ ಗಾಳಿ ತುಂಬಿಸಿದ್ದೇನೆ. ಪಂಕ್ಚರ್ ಅಂಗಡಿಯವರು ಎಲ್ಲವನ್ನೂ ನೋಡಿ ಎಲ್ಲಿಯೂ ಸೋರಿಕೆ ಇಲ್ಲವೆಂದರು. ಸರ್ವಿಸ್ ಕೇಂದ್ರದವರು ನಾಲ್ಕೂ ಸೆನ್ಸರ್‌ಗಳನ್ನು ಬದಲಿಸಬೇಕೆಂದು ಹೇಳಿ, ನನ್ನ ಒಂದು ತಿಂಗಳ ಮನೆ ಬಾಡಿಗೆಗಿಂತ ಹೆಚ್ಚಿನ ಅಂದಾಜು ಬರೆದುಕೊಟ್ಟರು. ಕಾರಿಗೆ ಇನ್ನೂ ಎರಡು ವರ್ಷ ತುಂಬಿಲ್ಲ. ಸಂಕ್ರಾಂತಿಗೆ ಮಕ್ಕಳನ್ನು ಕರೆದುಕೊಂಡು ಧಾರವಾಡಕ್ಕೆ ಹೋಗಬೇಕಾಗಿರುವುದರಿಂದ, ಈ ದೀಪವನ್ನು ನಂಬಬೇಕೋ ಪಂಪಿನ ಯಂತ್ರವನ್ನು ನಂಬಬೇಕೋ ಎಂಬುದು ಅದಕ್ಕೆ ಮೊದಲೇ ತೀರ್ಮಾನವಾಗಬೇಕು. ದಯವಿಟ್ಟು ತಿಳಿದವರು ಹೇಳಿ.

ನಾಲ್ಕು ಚಕ್ರ (ಪಿಂಪ್ರಿ), ಸೋಮವಾರ ರಾತ್ರಿ 11:15

ಇದು ಮೊಳೆಯೇ ಸರ್. ಟ್ಯೂಬ್‌ಲೆಸ್ ಟೈರಿನಲ್ಲಿ ಸಣ್ಣ ಮೊಳೆ ಹೊಕ್ಕರೆ ಅದೇ ಬಿರಡೆಯಂತೆ ಕುಳಿತುಬಿಡುತ್ತದೆ, ಗಾಳಿ ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಮಾತ್ರ ಹೋಗುತ್ತದೆ. ನನ್ನ ಹಿಂದಿನ ಕಾರಿನಲ್ಲಿ ಎರಡು ತಿಂಗಳು ಹೀಗೆಯೇ ನಡೆದು, ಕೊನೆಗೆ ಟೈರಿನ ಕಚ್ಚಿನ ಒಳಗೆ ತಲೆ ಸವೆದುಹೋದ ಮೊಳೆ ಸಿಕ್ಕಿತು. ಬೇರೆ ಅಂಗಡಿಗೆ ಹೋಗಿ ಚಕ್ರ ಬಿಚ್ಚಿಸಿ ನೋಡಿಸಿ.

ವಾಲ್ವ್ ಮುಚ್ಚಳ (ಠಾಣೆ), ಮಂಗಳವಾರ ಬೆಳಿಗ್ಗೆ 7:50

ಮೊಳೆಗಿಂತ ಮೊದಲು ನೋಡಬೇಕಾದದ್ದು ರೀಸೆಟ್ ಗುಂಡಿ. ಅನೇಕ ಕಾರುಗಳಲ್ಲಿ ಟೈರಿನೊಳಗೆ ಯಾವ ಸೆನ್ಸರೂ ಇರುವುದಿಲ್ಲ. ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಸಿಕ್ಕಿಕೊಂಡು ಜಾರದಂತೆ ತಡೆಯುವ) ಬ್ರೇಕಿಗಾಗಿ ಪ್ರತಿ ಚಕ್ರದ ವೇಗ ಅಳೆಯುವ ವ್ಯವಸ್ಥೆಯೇ ಈ ಕೆಲಸವನ್ನೂ ಮಾಡುತ್ತದೆ. ಗಾಳಿ ಇಳಿದ ಟೈರಿನ ಸುತ್ತಳತೆ ತುಸು ಕಡಿಮೆಯಾಗುವುದರಿಂದ ಅದು ಉಳಿದವುಗಳಿಗಿಂತ ಹೆಚ್ಚು ಸುತ್ತು ತಿರುಗುತ್ತದೆ, ಆ ವ್ಯತ್ಯಾಸ ಕಂಡಾಗ ದೀಪ ಹತ್ತುತ್ತದೆ. ಗಾಳಿ ತುಂಬಿಸಿದ ಮೇಲೆ ರೀಸೆಟ್ ಮಾಡದಿದ್ದರೆ ಕಾರು ಹಳೆಯ ಲೆಕ್ಕವನ್ನೇ ಹಿಡಿದುಕೊಂಡಿರುತ್ತದೆ. ಗುಂಡಿ ಒತ್ತಿ, ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ ನೋಡಿ.

ಡೊಂಬಿವಲಿ ಕನ್ನಡತಿ, ಮಂಗಳವಾರ ಬೆಳಿಗ್ಗೆ 9:05

ದಯವಿಟ್ಟು ಅಳತೆ ಮಾಡದೆ ರೀಸೆಟ್ ಒತ್ತಬೇಡಿ. ಗಾಳಿ ಕಡಿಮೆ ಇರುವಾಗ ಒತ್ತಿದರೆ ಕಾರು ಆ ಕಡಿಮೆ ಒತ್ತಡವನ್ನೇ ಸರಿಯೆಂದು ಕಲಿತುಕೊಳ್ಳುತ್ತದೆ, ಆಮೇಲೆ ನಿಜವಾಗಿ ಅಪಾಯ ಬಂದರೂ ತಡವಾಗಿಯೇ ಎಚ್ಚರಿಸುತ್ತದೆ. ಕೋಥ್ರೂಡ್ ಅವರೇ, ತಮ್ಮ ಬರಹದಲ್ಲಿ ಮುಖ್ಯವಾದ ಮೂರು ವಿಷಯಗಳು ಇಲ್ಲ. ದೀಪ ದಿನದ ಯಾವ ಹೊತ್ತಿನಲ್ಲಿ ಹತ್ತುತ್ತದೆ, ಹತ್ತಿದ್ದು ಆರುತ್ತದೆಯೇ? ಗಾಡಿ ಶುರು ಮಾಡಿದಾಗ ಅದು ಒಂದು ನಿಮಿಷ ಮಿನುಗಿ ಆಮೇಲೆ ಸ್ಥಿರವಾಗುತ್ತದೆಯೇ, ಅಥವಾ ಮೊದಲಿನಿಂದಲೂ ಸ್ಥಿರವಾಗಿ ಉರಿಯುತ್ತದೆಯೇ? ಮಿನುಗಿದರೆ ವ್ಯವಸ್ಥೆಯಲ್ಲೇ ದೋಷವಿದೆ ಎಂದು ಅರ್ಥ, ಸ್ಥಿರವಾಗಿ ಉರಿದರೆ ಗಾಳಿ ಕಡಿಮೆ ಇದೆ ಎಂದು ಅರ್ಥ. ಪಂಪ್‌ಗೆ ಹೋಗುವ ಮೊದಲು ಗಾಡಿ ಎಷ್ಟು ದೂರ ಓಡಿತ್ತು?

ನಾಲ್ಕು ಚಕ್ರ, ಮಂಗಳವಾರ ಮಧ್ಯಾಹ್ನ 1:20

ಇಷ್ಟೆಲ್ಲ ಪ್ರಶ್ನೆಗಳ ಅಗತ್ಯವಿಲ್ಲ ಮೇಡಂ. ಗಾಳಿ ಹೋಗುತ್ತಿದೆ ಎಂದರೆ ಎಲ್ಲಿಂದಲೋ ಹೋಗುತ್ತಿದೆ. ಮೊಳೆ ತೆಗೆಸಿ, ಜೊತೆಗೆ ನೈಟ್ರೋಜನ್ ತುಂಬಿಸಿ, ಆಗ ಒತ್ತಡ ಏರಿಳಿಯುವುದೇ ಇಲ್ಲ.

ವಾಲ್ವ್ ಮುಚ್ಚಳ, ಮಂಗಳವಾರ ಮಧ್ಯಾಹ್ನ 1:48

ನೈಟ್ರೋಜನ್ ತುಂಬಿದರೆ ಒತ್ತಡ ಏರಿಳಿಯುವುದಿಲ್ಲ ಎಂಬುದು ತಪ್ಪು. ನಾವು ಉಸಿರಾಡುವ ಗಾಳಿಯಲ್ಲೇ 78 ಶೇಕಡಾ ನೈಟ್ರೋಜನ್ ಇದೆ. ಬಿಸಿಗೆ ಹಿಗ್ಗುವುದು, ಚಳಿಗೆ ಕುಗ್ಗುವುದು ಎರಡಕ್ಕೂ ಒಂದೇ. ಆಮ್ಲಜನಕ ರಬ್ಬರಿನ ಮೂಲಕ ತುಸು ಬೇಗ ಹೊರಹೋಗುತ್ತದೆ, ಸಾಮಾನ್ಯ ಗಾಳಿಯಲ್ಲಿ ತೇವ ಇರಬಹುದು, ವ್ಯತ್ಯಾಸ ಅಷ್ಟೇ. ಪಂಪ್‌ಗಳಲ್ಲಿ ಗಾಳಿ ಉಚಿತವಾಗಿ ಸಿಗುವಾಗ ಪ್ರತಿ ಟೈರಿಗೂ ಹಣ ತೆತ್ತು ನೈಟ್ರೋಜನ್ ತುಂಬಿಸುವ ಅಗತ್ಯ ದಿನನಿತ್ಯದ ಕಾರಿಗೆ ಇಲ್ಲ.

ನಾಲ್ಕು ಚಕ್ರ, ಮಂಗಳವಾರ ಮಧ್ಯಾಹ್ನ 2:10

ಆರು ವರ್ಷಗಳಿಂದ ನಾನು ನೈಟ್ರೋಜನ್ ಬಳಸುತ್ತಿದ್ದೇನೆ, ಒಮ್ಮೆಯೂ ತೊಂದರೆಯಾಗಿಲ್ಲ. ಅನುಭವಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಕೋಥ್ರೂಡ್ ವಾಸಿ, ಮಂಗಳವಾರ ರಾತ್ರಿ 9:30

ನೈಟ್ರೋಜನ್ ವಿಚಾರವನ್ನು ದಯವಿಟ್ಟು ಬೇರೆ ಚರ್ಚೆಯಲ್ಲಿ ಮುಂದುವರಿಸಿ. ಮೇಡಂ ಕೇಳಿದ್ದಕ್ಕೆ ಉತ್ತರಿಸುತ್ತೇನೆ. ದೀಪ ಮಿನುಗುವುದಿಲ್ಲ, ಸ್ಥಿರವಾಗಿ ಉರಿಯುತ್ತದೆ. ನನ್ನ ಕಾರಿಗೆ ರೀಸೆಟ್ ಗುಂಡಿ ಇಲ್ಲ, ಪರದೆಯ ಮೇಲೆ ಪ್ರತಿ ಚಕ್ರದ ಅಂಕಿ ಬೇರೆ ಬೇರೆಯಾಗಿ ಬರುತ್ತದೆ. ಎಲ್ಲರ ಕಾರಿನಲ್ಲೂ ಹಾಗೆಯೇ ಇರುತ್ತದೆ ಎಂದುಕೊಂಡು ಬರೆದಿರಲಿಲ್ಲ. ದೀಪ ಹತ್ತುವುದು ಬೆಳಿಗ್ಗೆ ಆರೂವರೆಗೆ ಮನೆ ಬಿಟ್ಟು ಚಾಂದನಿ ಚೌಕ್ ತಲುಪುವಷ್ಟರಲ್ಲಿ. ತಳೇಗಾಂವ್ ಟೋಲ್ ಬರುವ ಮೊದಲು ತಾನಾಗಿಯೇ ಆರುತ್ತದೆ. ವಾರಕ್ಕೆ ಮೂರು ದಿನ ಆಫೀಸಿಗಾಗಿ ನವಿ ಮುಂಬೈಗೆ ಹೋಗಿಬರುತ್ತೇನೆ. ಬೆಳಿಗ್ಗೆ ಪಂಪ್‌ನಲ್ಲಿ ನಿಲ್ಲಲು ಸಮಯವಿರುವುದಿಲ್ಲವಾದ್ದರಿಂದ ಸಂಜೆ ಹಿಂದಿರುಗುವಾಗ ಎಕ್ಸ್‌ಪ್ರೆಸ್‌ವೇ ಇಳಿದ ತಕ್ಷಣ ಸಿಗುವ ಪಂಪ್‌ನಲ್ಲಿ ಗಾಳಿ ತುಂಬಿಸುತ್ತೇನೆ. ಅಲ್ಲಿ ಡಿಜಿಟಲ್ ಯಂತ್ರವಿದೆ, 33 ಎಂದು ಒತ್ತಿದರೆ ತುಂಬಿದ ಮೇಲೆ ಅದೇ ಶಬ್ದ ಮಾಡುತ್ತದೆ.

ಡೊಂಬಿವಲಿ ಕನ್ನಡತಿ, ಮಂಗಳವಾರ ರಾತ್ರಿ 10:25

ಹಾಗಾದರೆ ದೀಪವೂ ಸುಳ್ಳು ಹೇಳುತ್ತಿಲ್ಲ, ಯಂತ್ರವೂ ಸುಳ್ಳು ಹೇಳುತ್ತಿಲ್ಲ. ಇಬ್ಬರೂ ಬೇರೆ ಬೇರೆ ಹೊತ್ತಿನ ಟೈರನ್ನು ಅಳೆಯುತ್ತಿದ್ದಾರೆ.

ಚಾಲಕನ ಬಾಗಿಲು ತೆರೆದಾಗ ಕಂಬದ ಮೇಲೆ ಕಾಣುವ ಚೀಟಿಯಲ್ಲಿರುವ 33 ಎಂಬುದು ತಣ್ಣಗಿರುವ ಟೈರಿನ ಅಂಕಿ. ತಣ್ಣಗೆ ಎಂದರೆ ಗಾಡಿ ಕನಿಷ್ಠ ಮೂರು ಗಂಟೆ ನಿಂತಿರಬೇಕು, ಅಥವಾ ಹೆಚ್ಚೆಂದರೆ ಒಂದೂವರೆ ಕಿಲೋಮೀಟರ್ ಓಡಿರಬೇಕು. ತಾವು ಅದನ್ನು ತುಂಬಿಸುತ್ತಿರುವುದು ನೂರು ಕಿಲೋಮೀಟರ್‌ನಷ್ಟು ಓಡಿ, ಘಾಟ್ ಹತ್ತಿ ಬಂದ ಟೈರಿಗೆ. ಆ ಹೊತ್ತಿನಲ್ಲಿ ಟೈರಿನೊಳಗಿನ ಗಾಳಿ 50 ಡಿಗ್ರಿ ದಾಟಿರುವುದು ಸಹಜ. ಜನವರಿಯ ಪುಣೆಯಲ್ಲಿ ಬೆಳಗಿನ ಜಾವ 11 ಡಿಗ್ರಿ ಎಂದು ಹಿಡಿಯೋಣ. ಗೇಜ್ ತೋರಿಸುವುದು ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಎಂಬುದನ್ನು ಮಾತ್ರ, ಆದ್ದರಿಂದ ಅದರ 33ಕ್ಕೆ ಪುಣೆಯ ವಾತಾವರಣದ ಒತ್ತಡ ಸುಮಾರು 13.7 ಸೇರಿಸಿದರೆ 46.7 ಆಗುತ್ತದೆ. 52 ಡಿಗ್ರಿಯಿಂದ 11 ಡಿಗ್ರಿಗೆ ಇಳಿದಾಗ ಇದು ಸುಮಾರು 40.8ಕ್ಕೆ ಬರುತ್ತದೆ, ವಾತಾವರಣದ ಪಾಲನ್ನು ಕಳೆದರೆ ಗೇಜಿನಲ್ಲಿ ಉಳಿಯುವುದು 27. ಒಂದು ತೊಟ್ಟು ಗಾಳಿ ಸೋರದೆಯೇ ಆರು ಪಿಎಸ್‌ಐ ಕಡಿಮೆ. ಸ್ಥೂಲವಾಗಿ 6ರಿಂದ 7 ಡಿಗ್ರಿ ಚಳಿಗೆ ಒಂದು ಪಿಎಸ್‌ಐ ಎಂದು ನೆನಪಿಟ್ಟುಕೊಂಡರೆ ಸಾಕು.

ದೀಪ ಯಾವಾಗ ಹತ್ತಬೇಕೆಂಬ ನಿಯಮ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದ ನಿಯಮದಲ್ಲಿ ಚೀಟಿಯ ಅಂಕಿಗಿಂತ 25 ಶೇಕಡಾ ಇಳಿದಾಗ, ಯುರೋಪಿನಲ್ಲಿ ಓಡುವಾಗಿನ ಬಿಸಿ ಒತ್ತಡಕ್ಕಿಂತ 20 ಶೇಕಡಾ ಇಳಿದಾಗ. ಸ್ಥೂಲವಾಗಿ ಚೀಟಿಯ 33ರಲ್ಲೇ 20 ಶೇಕಡಾ ಕಳೆದರೆ 26.4. ತಾವು ಪ್ರತಿ ರಾತ್ರಿ ಆ ಗೆರೆಯ ಅಂಚಿನಲ್ಲಿ ನಿಲ್ಲುತ್ತಿದ್ದೀರಿ. ಗಾಡಿ ಓಡಿ ಟೈರ್ ಬಿಸಿಯಾದಂತೆ ಒತ್ತಡ ಏರಿ ದೀಪ ಆರುತ್ತದೆ.

ಸೆನ್ಸರ್ ಬದಲಿಸುವ ಪ್ರಶ್ನೆ ಸದ್ಯಕ್ಕೆ ಬೇಡ. ಅದರ ಬ್ಯಾಟರಿ ಸಾಮಾನ್ಯವಾಗಿ ಐದರಿಂದ ಹತ್ತು ವರ್ಷ ಬರುತ್ತದೆ, ಬ್ಯಾಟರಿ ಮುಗಿದಿದ್ದರೆ ದೀಪ ಮಿನುಗಬೇಕಿತ್ತು. ಒಂದು ಒಳ್ಳೆಯ ಕೈಗೇಜ್ ಕೊಂಡು, ನಾಳೆ ಬೆಳಿಗ್ಗೆ ಗಾಡಿ ಕದಲಿಸುವ ಮೊದಲು ನಾಲ್ಕೂ ಟೈರ್ ಅಳೆದು ಅಂಕಿಗಳನ್ನು ಇಲ್ಲಿ ಬರೆಯಿರಿ. ಪರದೆಯನ್ನು ನೋಡಬೇಡಿ. ಚಕ್ರ ತಿರುಗುವ ತನಕ ಅನೇಕ ಸೆನ್ಸರ್‌ಗಳು ಹೊಸ ಅಂಕಿ ಕಳಿಸುವುದಿಲ್ಲ, ಪರದೆಯಲ್ಲಿ ನಿನ್ನೆಯದೇ ಉಳಿದಿರಬಹುದು.

ಚೋರ್ಲಾ ಘಾಟ್ (ಮಡಗಾಂವ್), ಬುಧವಾರ ಬೆಳಿಗ್ಗೆ 6:55

ಮೇಡಂ ಲೆಕ್ಕ ಸರಿಯಾಗಿದೆ. ನಾನು ತಿಂಗಳಿಗೊಮ್ಮೆ ಬೆಳಗಾವಿಗೆ ಹೋಗಿಬರುವವನು, ಸಮುದ್ರಮಟ್ಟದಿಂದ ಘಾಟ್ ಹತ್ತಿದಾಗ ಸುತ್ತಲಿನ ವಾತಾವರಣದ ಒತ್ತಡ ಕಡಿಮೆಯಾಗುವುದರಿಂದಲೇ ಗೇಜಿನ ಅಂಕಿ ಸುಮಾರು ಒಂದು ಪಿಎಸ್‌ಐ ಏರುತ್ತದೆ. ನವಿ ಮುಂಬೈಯಿಂದ ಪುಣೆಗೆ ಬಂದಾಗಲೂ ಅಷ್ಟೇ. ಆದರೆ ಪಂಪೂ ಮನೆಯೂ ಪುಣೆಯಲ್ಲೇ ಇರುವುದರಿಂದ ಬೆಳಗಿನ ಇಳಿಕೆಗೆ ಅದು ಕಾರಣವಲ್ಲ. ಇದರಲ್ಲಿ ಅತ್ಯಂತ ಅಪಾಯದ ಕೆಲಸ ಬಿಸಿ ಟೈರಿನಿಂದ ಗಾಳಿ ಬಿಡುವುದು. ಕೆಲವರು ಎಕ್ಸ್‌ಪ್ರೆಸ್‌ವೇ ಮಧ್ಯದಲ್ಲಿ 38 ಕಂಡು ಹೆದರಿ 33ಕ್ಕೆ ಇಳಿಸುತ್ತಾರೆ. ಮರುದಿನ ಕಡಿಮೆ ಗಾಳಿಯ ಟೈರಿನ ಪಕ್ಕಗಳು ಪ್ರತಿ ಸುತ್ತಿಗೂ ಬಾಗಿ ಮಡಚಿ ಕಾಯುತ್ತವೆ, ವೇಗದಲ್ಲಿ ಟೈರ್ ಸಿಡಿಯಲು ಆ ಕಾವೇ ದಾರಿ ಮಾಡುತ್ತದೆ. ಬಿಸಿ ಇರುವಾಗಲೇ ತುಂಬಿಸಬೇಕಾದ ಅನಿವಾರ್ಯ ಬಂದರೆ ಚೀಟಿಯ ಅಂಕಿಗಿಂತ ನಾಲ್ಕು ಹೆಚ್ಚು ಹಾಕಿಸಿ, ಮರುದಿನ ತಣ್ಣಗಿರುವಾಗ ಸರಿಪಡಿಸಿಕೊಳ್ಳಿ.

ನಾಲ್ಕು ಚಕ್ರ, ಬುಧವಾರ ಬೆಳಿಗ್ಗೆ 8:30

ಚಳಿ ಎಲ್ಲರ ಕಾರಿಗೂ ಒಂದೇ. ಪುಣೆಯ ಎಲ್ಲ ಕಾರುಗಳಲ್ಲೂ ದೀಪ ಹತ್ತುತ್ತಿಲ್ಲವಲ್ಲ? ಮೊಳೆಯನ್ನು ಹುಡುಕಿಸಿ ಎಂದು ಮತ್ತೊಮ್ಮೆ ಹೇಳುತ್ತೇನೆ.

ಕೋಥ್ರೂಡ್ ವಾಸಿ, ಗುರುವಾರ ಬೆಳಿಗ್ಗೆ 6:35

ಗೇಜ್ ತಂದು ಇಂದು ಬೆಳಿಗ್ಗೆ ಆರೂಕಾಲಿಗೆ ಅಳೆದೆ. ಮುಂದಿನ ಎರಡೂ 28, ಹಿಂದಿನ ಬಲ 28, ಹಿಂದಿನ ಎಡ 25. ಸೋಮವಾರ ಸಂಜೆಯಷ್ಟೇ ನಾಲ್ಕಕ್ಕೂ 33 ತುಂಬಿಸಿದ್ದೆ. ಇಷ್ಟು ದಿನ ಈ ಒತ್ತಡದಲ್ಲಿ ಘಾಟ್ ಇಳಿದಿದ್ದೇನೆ ಎಂದು ನೆನೆದರೆ ಕೈಕಾಲು ತಣ್ಣಗಾಗುತ್ತದೆ. ಪಂಪ್ ಯಂತ್ರಕ್ಕೆ ಟೈರ್ ಜೋಡಿಸಿದಾಗ ಮೊದಲು ಯಾವ ಅಂಕಿ ಬರುತ್ತಿತ್ತು ಎಂಬುದನ್ನು ನಾನು ಒಂದು ಸಲವೂ ನೋಡಿರಲಿಲ್ಲ.

ಡೊಂಬಿವಲಿ ಕನ್ನಡತಿ, ಗುರುವಾರ ಬೆಳಿಗ್ಗೆ 9:10

ಈಗ ಎರಡು ಬೇರೆ ಬೇರೆ ಸಂಗತಿಗಳು ಕಾಣುತ್ತಿವೆ. 33ರಿಂದ 28ಕ್ಕೆ ಇಳಿದದ್ದು ನಾಲ್ಕಕ್ಕೂ ಸಮಾನ, ಅದು ಚಳಿಯ ಪಾಲು. ಹಿಂದಿನ ಎಡ ಟೈರ್ ಅದರ ಮೇಲೆ ಇನ್ನೂ ಮೂರು ಕಳೆದುಕೊಂಡಿದೆ, ಅದು ಸೋರಿಕೆ. ಆರೋಗ್ಯವಾದ ಟೈರ್ ತಿಂಗಳಿಗೆ ಒಂದೆರಡು ಪಿಎಸ್‌ಐ ಕಳೆದುಕೊಳ್ಳುತ್ತದೆ, ಮೂರು ದಿನದಲ್ಲಿ ಮೂರು ಎಂದರೆ ಸಹಜವಲ್ಲ. ನಾಲ್ಕು ಚಕ್ರ ಅವರು ಸೋರಿಕೆ ಇದೆ ಎಂದದ್ದು ನಿಜವಾಯಿತು. ಅವರ ಮಾತನ್ನು ನಾನು ಬೇಗ ಬದಿಗೆ ಸರಿಸಿದೆ, ಕ್ಷಮಿಸಬೇಕು.

ಚೋರ್ಲಾ ಘಾಟ್, ಗುರುವಾರ ಮಧ್ಯಾಹ್ನ 12:40

ಪಂಕ್ಚರ್ ಅಂಗಡಿಯವರು ಚಕ್ರವನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿದರೋ, ಅಥವಾ ಜ್ಯಾಕ್ ಏರಿಸಿ ಮೇಲ್ಮೈಗೆ ಮಾತ್ರ ಸೋಪುನೀರು ಹಚ್ಚಿದರೋ? ಎರಡನೆಯದಾದರೆ ಟೈರ್ ರಿಮ್ಮಿಗೆ ಕೂರುವ ಅಂಚನ್ನೂ ವಾಲ್ವಿನ ಬುಡವನ್ನೂ ಯಾರೂ ನೋಡಿಲ್ಲ. ಅಲಾಯ್ ರಿಮ್ಮಿನ ಅಂಚಿನಲ್ಲಿ ಉಪ್ಪುಗಾಳಿಗೆ ಬಿಳಿ ಪುಡಿಯಂತಹ ಪದರ ಕಟ್ಟಿಕೊಂಡು ಅಲ್ಲಿಂದಲೇ ಗಾಳಿ ಹೋಗುವುದನ್ನು ಗೋವೆಯಲ್ಲಿ ನಾನು ಬಹಳ ಸಲ ಕಂಡಿದ್ದೇನೆ. ಅಂಚಿನ ಸುತ್ತಲೂ ದಪ್ಪನೆಯ ಸೋಪುನೊರೆ ಹಚ್ಚಿ ಐದು ನಿಮಿಷ ಕಾಯಿರಿ. ತಕ್ಷಣ ಗುಳ್ಳೆ ಬರಲಿಲ್ಲವೆಂದು ಎದ್ದುಬಿಡಬೇಡಿ.

ವಾಲ್ವ್ ಮುಚ್ಚಳ, ಗುರುವಾರ ಮಧ್ಯಾಹ್ನ 1:15

ವಾಲ್ವಿನ ಬಾಯಿಗೂ ಒಂದು ಹನಿ ಹಾಕಿ ನೋಡಿ. ಅಲ್ಲಿ ಗುಳ್ಳೆ ಬಂದರೆ ಒಳಗಿನ ಸಣ್ಣ ಪಿನ್ ಬದಲಿಸಿದರೆ ಮುಗಿಯಿತು. ನನ್ನ ರೀಸೆಟ್ ಸಲಹೆ ಈ ಕಾರಿಗೆ ಅನ್ವಯಿಸುವುದಿಲ್ಲ. ಆದರೆ ರೀಸೆಟ್ ಇರುವ ಕಾರಿನವರು ತಣ್ಣನೆಯ ಟೈರಿಗೆ ಸರಿಯಾದ ಗಾಳಿ ತುಂಬಿಸಿದ ಮೇಲೆ ಮಾತ್ರ ಅದನ್ನು ಒತ್ತಬೇಕು ಎಂದು ತಿದ್ದಿಕೊಳ್ಳುತ್ತೇನೆ.

ಕೋಥ್ರೂಡ್ ವಾಸಿ, ಭಾನುವಾರ ಸಂಜೆ 5:20

ಮೇಲಿನ ಮನೆಯವರಿಂದ ಸಣ್ಣ ಕಂಪ್ರೆಸರ್ ತಂದು ಶುಕ್ರವಾರ ಬೆಳಿಗ್ಗೆ ಗಾಡಿ ಕದಲಿಸದೆ ನಾಲ್ಕಕ್ಕೂ 33 ತುಂಬಿಸಿದೆ. ಶನಿವಾರವೂ ಇಂದೂ ದೀಪ ಹತ್ತಲಿಲ್ಲ. ಇಂದು ಬೆಳಿಗ್ಗೆ ಮೂರು ಟೈರ್‌ಗಳು 33ರಲ್ಲೇ ಇದ್ದವು, ಹಿಂದಿನ ಎಡ 31ಕ್ಕೆ ಬಂದಿತ್ತು. ಸೋಪುನೊರೆ ಹಚ್ಚಿದಾಗ ನಾಲ್ಕನೆಯ ನಿಮಿಷದಲ್ಲಿ ರಿಮ್ಮಿನ ಒಳಬದಿಯ ಅಂಚಿನಲ್ಲಿ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಸಾಲಾಗಿ ಎದ್ದವು. ಮೊಳೆ ಎಲ್ಲಿಯೂ ಇಲ್ಲ. ಮಧ್ಯಾಹ್ನ ಟೈರ್ ಬಿಚ್ಚಿಸಿ ಅಂಚನ್ನು ತಂತಿಬ್ರಷ್‌ನಿಂದ ಉಜ್ಜಿಸಿ, ಸೀಲರ್ ಹಚ್ಚಿಸಿ ಕೂಡಿಸಿದ್ದಾಯಿತು. ಸೆನ್ಸರ್ ಬದಲಿಸುವ ಅಂದಾಜುಪತ್ರವನ್ನು ಹಿಂದಿರುಗಿಸಿದೆ.

ನಾಲ್ಕು ಚಕ್ರ, ಭಾನುವಾರ ಸಂಜೆ 6:00

ಸೋರಿಕೆ ಸಿಕ್ಕಿತಲ್ಲ, ಸಂತೋಷ. ಆದರೂ ಇನ್ನು ಮುಂದೆ ನೈಟ್ರೋಜನ್ ಹಾಕಿಸಿ ನೋಡಿ.

ಡೊಂಬಿವಲಿ ಕನ್ನಡತಿ, ಭಾನುವಾರ ಸಂಜೆ 6:45

ಧಾರವಾಡಕ್ಕೆ ಐದು ಜನ, ಸಾಮಾನು ಸಮೇತ ಹೋಗುವುದಾದರೆ ಚೀಟಿಯಲ್ಲಿ ಪೂರ್ಣ ಭಾರಕ್ಕೆ ಬೇರೆ ಅಂಕಿ ಇದೆಯೇ ನೋಡಿ, ಹಿಂದಿನ ಟೈರ್‌ಗಳಿಗೆ ಸಾಮಾನ್ಯವಾಗಿ ಹೆಚ್ಚಿರುತ್ತದೆ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಅಂಕಿ ಆ ಟೈರ್ ತಡೆಯಬಲ್ಲ ಗರಿಷ್ಠ ಒತ್ತಡ, ಅದನ್ನು ಅನುಸರಿಸಬೇಡಿ. ಮತ್ತೆ, ಸ್ಟೆಪ್ನಿಯನ್ನು ಅಳೆದಿರಾ? ಹೆಚ್ಚಿನ ಕಾರುಗಳಲ್ಲಿ ಅದಕ್ಕೆ ಸೆನ್ಸರ್ ಇರುವುದಿಲ್ಲ.

ಕೋಥ್ರೂಡ್ ವಾಸಿ, ಭಾನುವಾರ ಸಂಜೆ 7:30

ಈಗ ಡಿಕ್ಕಿಯ ಹಾಸು ಎತ್ತಿ ಅಳೆದು ಬಂದೆ. ಸ್ಟೆಪ್ನಿಯಲ್ಲಿ 14 ಇತ್ತು. ತುಂಬಿಸಿದ್ದೇನೆ.