ಸಿಡಿ ಬರ್ನ್ ಆಗ್ತದೆ, ಆದರೆ ಚೆಕ್‌ಸಮ್ ತಾಳೆಯಾಗುವುದಿಲ್ಲ (ವೊಡಿಮ್)

ಮಣಿಪಾಲ_ಪೆಂಗ್ವಿನ್:
ಉಡುಪಿಯಲ್ಲಿ ಮಾವನ ಪ್ರಿಂಟಿಂಗ್ ಪ್ರೆಸ್‌ನಲ್ಲಿ ಒಂದು ಹಳೇ ಕಂಪ್ಯೂಟರ್ ಉಂಟು. ಪೆನ್‌ಡ್ರೈವ್‌ನಿಂದ ಬೂಟ್ ಆಗುವುದಿಲ್ಲ, ಸಿಡಿಯೇ ಬೇಕು. ಲಿನಕ್ಸ್ ಐಎಸ್‌ಒ (ಇಡೀ ಸಿಡಿಯ ನಕಲು ಇರುವ ಒಂದೇ ಫೈಲ್) ಇಳಿಸಿ, ಸಿಡಿ-ಆರ್‌ಡಬ್ಲ್ಯೂಗೆ (ಅಳಿಸಿ ಮತ್ತೆ ಬರೆಯಬಹುದಾದ ಸಿಡಿ) ವೊಡಿಮ್ ಎಂಬ ಸಿಡಿ ಬರೆಯುವ ಪ್ರೋಗ್ರಾಂನಿಂದ ಹೀಗೆ ಬರೆದೆ:

ವೊಡಿಮ್ -ವಿ ಡೆವ್=/ಡೆವ್/ಎಸ್‌ಆರ್0 ಲಿನಕ್ಸ್.ಐಎಸ್‌ಒ

ಬರೆಯುವಾಗ ಎರರ್ ಇಲ್ಲ. ಬರೆದದ್ದು ಫೈಲಿಗೆ ಸರಿಹೊಂದುತ್ತದಾ ನೋಡಲು ಡಿಸ್ಕಿನ ಚೆಕ್‌ಸಮ್ (ಶಾ256ಸಮ್) ತೆಗೆಯಲು ಹೋದರೆ ಕೊನೆಯಲ್ಲಿ ಇನ್‌ಪುಟ್/ಔಟ್‌ಪುಟ್ ಎರರ್. ಅಳಿಸಿ ಮತ್ತೆ ಬರೆದರೂ ಅದೇ ಕಥೆ. ಮಳೆಗಾಲದ ತೇವಕ್ಕೆ ಡಿಸ್ಕ್ ಹಾಳಾಯ್ತಾ?

ಕದ್ರಿ_ಟರ್ಮಿನಲ್:
ಎರರ್ ಕೊನೆಯಲ್ಲೇ ಬರ್ತದೆ ಅಂದ್ರಲ್ಲ, ಹಾಗಾದರೆ ತೇವ ಅಲ್ಲ. ವೊಡಿಮ್ ಶುರುವಿನಲ್ಲಿ ‘ಅಸ್ಯೂಮಿಂಗ್ -ಟಿಎಒ ಮೋಡ್’ ಅಂತ ಒಂದು ಸಾಲು ಹಾಕ್ತಾ ಉಂಟಾ ನೋಡಿ.

ಮಣಿಪಾಲ_ಪೆಂಗ್ವಿನ್:
ಹೌದು, ಉಂಟು. ಗಮನಿಸಿರಲಿಲ್ಲ.

ಕದ್ರಿ_ಟರ್ಮಿನಲ್:
ಅದೇ ಮಾರಾಯ್ರೆ. ಟಿಎಒ ಅಂದರೆ ಟ್ರ್ಯಾಕ್-ಅಟ್-ಒನ್ಸ್, ಒಂದೊಂದೇ ಟ್ರ್ಯಾಕ್ ಬರೆಯುವ ವಿಧಾನ. ಅದರಲ್ಲಿ ಟ್ರ್ಯಾಕ್ ಮುಗಿದ ಕೂಡಲೇ ಲೇಸರ್ ಬರೆಯುವುದನ್ನು ನಿಲ್ಲಿಸುತ್ತದೆ. ಆಗ ಕೊನೆಯಲ್ಲಿ ಎರಡು ಸೆಕ್ಟರ್ ಉಳಿಯುತ್ತವೆ. ಅವು ಟ್ರ್ಯಾಕಿನ ಲೆಕ್ಕಕ್ಕೆ ಸೇರುತ್ತವೆ, ಆದರೆ ಅವುಗಳಲ್ಲಿ ನಿಮ್ಮ ಡೇಟಾ ಇಲ್ಲ. ಓದುವ ಪ್ರೋಗ್ರಾಂ ಅಲ್ಲಿವರೆಗೂ ಹೋಗಿ ಎಡವುತ್ತದೆ. ಐಎಸ್‌ಒ ಇದ್ದಷ್ಟೇ ಓದಿಸಿ. ಡೇಟಾ ಸಿಡಿಯಲ್ಲಿ ಒಂದು ಸೆಕ್ಟರ್ ಅಂದರೆ 2048 ಬೈಟ್. ಫೈಲ್ 66,58,45,760 ಬೈಟ್ ಇದ್ದರೆ 3,25,120 ಸೆಕ್ಟರ್. ಆಗ ಡಿಡಿ ಎಂಬ ನಕಲು ಆಜ್ಞೆಯಿಂದ ಅಷ್ಟೇ ಓದಿಸಿ:

ಡಿಡಿ ಇಫ್=/ಡೆವ್/ಎಸ್‌ಆರ್0 ಬಿಎಸ್=2048 ಕೌಂಟ್=325120 | ಶಾ256ಸಮ್

(ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಹಾಕಿ.) ಮುಂದಿನ ಸಲ ವೊಡಿಮ್‌ಗೆ -ಡಿಎಒ ಸೇರಿಸಿ. ಇಡೀ ಡಿಸ್ಕನ್ನು ಒಂದೇ ಓಟದಲ್ಲಿ ಬರೆಯುತ್ತದೆ, ಈ ತಲೆನೋವು ಇರುವುದಿಲ್ಲ.

ಮಣಿಪಾಲ_ಪೆಂಗ್ವಿನ್:
ತಾಳೆಯಾಯ್ತು! ಡಿಸ್ಕಿಗೆ ಏನೂ ಆಗಿಲ್ಲ. ಆದರೆ ಪ್ರೆಸ್‌ನ ಕಂಪ್ಯೂಟರಿಗೆ ಹಾಕಿದರೆ ಡ್ರೈವ್ ಟಿಕ್ ಟಿಕ್ ಅಂತ ತಿರುಗಿ ಸುಮ್ಮನಾಗ್ತದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಅದೇ ಡಿಸ್ಕ್ ಬೂಟ್ ಆಗ್ತದೆ.

ಹಳೇ_ಡ್ರೈವ್:
ನೀವು ಬರೆದದ್ದು ಆರ್‌ಡಬ್ಲ್ಯೂ ಅಲ್ವಾ? ಅದು ಬೆಳಕನ್ನು ಸಿಡಿ-ಆರ್‌ಗಿಂತ (ಒಂದೇ ಸಲ ಬರೆಯಬಹುದಾದ ಸಿಡಿ) ತುಂಬಾ ಕಡಿಮೆ ಹಿಂದಕ್ಕೆ ಕಳಿಸುತ್ತದೆ. ಹಳೇ ಡ್ರೈವ್‌ಗೆ, ಅದೂ ಪ್ರೆಸ್‌ನ ಪೇಪರ್ ಧೂಳು ಕೂತ ಲೆನ್ಸಿಗೆ, ಅದು ಕಾಣುವುದೇ ಇಲ್ಲ. ಲೆನ್ಸ್ ಒರೆಸಿ, ಸಿಡಿ-ಆರ್‌ಗೆ ಸ್ಪೀಡ್=8 ಕೊಟ್ಟು ಬರೆಯಿರಿ. 9 ನಿಮಿಷದ ಕೆಲಸ. 1ಕ್ಕೋ 2ಕ್ಕೋ ಇಳಿಸಿದರೆ ಇನ್ನೂ ಒಳ್ಳೆಯದು ಅನ್ನುವವರಿದ್ದಾರೆ. ನನಗೆ ನಂಬಿಕೆ ಇಲ್ಲ, ಈಗಿನ ಬಹಳಷ್ಟು ಡ್ರೈವ್ ಅಷ್ಟು ನಿಧಾನಕ್ಕೆ ಇಳಿಯುವುದೂ ಇಲ್ಲ.

ಮಣಿಪಾಲ_ಪೆಂಗ್ವಿನ್:
ಸಿಡಿ-ಆರ್ ಎಲ್ಲಿ ಸಿಗ್ತದೆ ಈಗ?

ಕದ್ರಿ_ಟರ್ಮಿನಲ್:
ಮಂಗಳೂರಿಗೆ ಬಂದರೆ ಹಂಪನಕಟ್ಟೆಯ ಹಳೇ ಅಂಗಡಿಗಳಲ್ಲಿ ಕೇಳಿ. 700 ಎಂಬಿಯದ್ದು ಸಾಕು.

ಮಣಿಪಾಲ_ಪೆಂಗ್ವಿನ್:
ಸಿಡಿ-ಆರ್‌ನಲ್ಲಿ ಬೂಟ್ ಆಯ್ತು, ಇಬ್ಬರಿಗೂ ಥ್ಯಾಂಕ್ಸ್. ಈಗ ಇನ್‌ಸ್ಟಾಲರ್ 512 ಎಂಬಿ ರ‍್ಯಾಮ್ ಸಾಲುವುದಿಲ್ಲ ಅಂತ ಕೂತಿದೆ. ಅದಕ್ಕೆ ಬೇರೆ ಥ್ರೆಡ್ ಹಾಕ್ತೇನೆ.